ಆರ್ಡರ್ ಇಳಿದಿದೆ, ಬಾಯಿ ಬಿಡಬೇಡಿ ಅಂತಿದ್ದಾರೆ. 420 ಜನಕ್ಕೆ ಏನಂತ ಹೇಳಲಿ?

ಹೊಲಿಗೆಮನೆ, ದಾವಣಗೆರೆ
14 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಸ್ವಲ್ಪ ಬಿಡುವಿದೆ, ಉದ್ದವಾಗಿಯೇ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಫ್ಯಾಕ್ಟರಿ ಮ್ಯಾನೇಜರ್. ಈ ಕುರ್ಚಿಗೆ ಬಂದಿದ್ದು ಜೂನ್‌ನಲ್ಲಿ. ಅದಕ್ಕೆ ಮುಂಚೆ ಇದೇ ಫ್ಲೋರ್‌ನಲ್ಲಿ 16 ವರ್ಷ ಕೆಲಸ ಮಾಡಿದ್ದೇನೆ. ಚೆಕ್ಕಿಂಗ್ ಟೇಬಲ್‌ನಲ್ಲಿ ದಾರ ಕತ್ತರಿಸುತ್ತಾ ಶುರು ಮಾಡಿದವಳು. ಆಮೇಲೆ ಸೂಪರ್‌ವೈಸರ್ ಆದೆ, ಆಮೇಲೆ ಫ್ಲೋರ್ ಇನ್‌ಚಾರ್ಜ್. ನಮ್ಮಲ್ಲಿ 9 ಲೈನ್ ಇವೆ. ಹೆಚ್ಚುಕಡಿಮೆ ಎಲ್ಲರೂ ಹೆಣ್ಣುಮಕ್ಕಳು. ನಿಟುವಳ್ಳಿ, ಆಜಾದ್ ನಗರ, ಬಾಷಾ ನಗರದಿಂದ ನಡೆದೋ ಆಟೋದಲ್ಲೋ ಬರುವವರು ಅರ್ಧ. ಹರಿಹರ, ಆನಗೋಡು, ಮಾಯಕೊಂಡ ಕಡೆಯಿಂದ ಕಂಪನಿ ಬಸ್ಸಲ್ಲಿ ಬರುವವರು ಅರ್ಧ. ಹೊಲಿಯೋದು ಗಂಡಸರ ಶರ್ಟ್. ಬೆಂಗಳೂರಿನ ಒಂದು ದೊಡ್ಡ ಕಂಪನಿಗೆ ಜಾಬ್ ವರ್ಕ್ ಮಾಡಿಕೊಡುತ್ತೇವೆ, ಅವರ ಮಾಲು ಬಹುಪಾಲು ಅಮೆರಿಕಕ್ಕೆ ಹೋಗುತ್ತೆ.

ಗಣೇಶನ ಹಬ್ಬದ ದಿನವೇ, ಆಗಸ್ಟ್ 27ಕ್ಕೆ, ನಮ್ಮ ದೇಶದಿಂದ ಹೋಗುವ ಬಹಳಷ್ಟು ಮಾಲಿಗೆ ಅಮೆರಿಕದ ಸುಂಕ ಶೇಕಡ 50 ಆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಬೆಂಗಳೂರಿಂದ ಫೋನ್ ಬಂತು. ಅಕ್ಟೋಬರ್‌ಗೆ 60 ಸಾವಿರ ಪೀಸ್ ಅಂತಿದ್ದದ್ದು 38 ಸಾವಿರಕ್ಕೆ ಇಳಿಯಿತು. ನವೆಂಬರ್ ಬಗ್ಗೆ ಮಾತೇ ಇಲ್ಲ.

ಯಜಮಾನರು ನನ್ನನ್ನೂ ಅಕೌಂಟೆಂಟರನ್ನೂ ಕರೆದು ಹೇಳಿದರು: "ದೀಪಾವಳಿ ಕಳೀಲಿ. ಅಲ್ಲೀತನಕ ಫ್ಲೋರ್‌ನಲ್ಲಿ ಯಾರೂ ಬಾಯಿ ಬಿಡಬಾರದು." ಅವರು ಕೆಟ್ಟವರಲ್ಲ. 2020ರ ಲಾಕ್‌ಡೌನ್‌ನಲ್ಲಿ ಫ್ಯಾಕ್ಟರಿ ಮುಚ್ಚಿದ್ದಾಗ ಮನೆಮನೆಗೆ ಅಕ್ಕಿ, ಬೇಳೆ ಕಳಿಸಿದವರು. ಹೇಳಿಬಿಟ್ಟರೆ ಜನ ಗಾಬರಿಯಾಗಿ ಬಿಟ್ಟು ಹೋಗುತ್ತಾರೆ, ಇರೋ 38 ಸಾವಿರ ಪೀಸೂ ಟೈಮಿಗೆ ಹೋಗಲ್ಲ ಅನ್ನೋದು ಅವರ ಭಯ. ನನಗೂ ಆಗ ಸರಿ ಅನಿಸಿತು. ಸುಮ್ಮನಾದೆ.

ಆದರೆ ಫ್ಲೋರ್‌ನಲ್ಲಿ ಏನನ್ನೂ ಮುಚ್ಚಿಡೋಕಾಗಲ್ಲ. ಬಟ್ಟೆಯ ರೋಲ್ ಕಡಿಮೆ ಬಂದದ್ದು ಕಟಿಂಗ್ ಹುಡುಗರಿಗೆ ಗೊತ್ತು. ಓಟಿ ನಿಂತದ್ದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಫೀಡಿಂಗ್ ಟೇಬಲ್ ಮೇಲೆ ಎದೆಮಟ್ಟ ಇರುತ್ತಿದ್ದ ಬಂಡಲ್ ರಾಶಿ ಈಗ ಸೊಂಟದವರೆಗೂ ಬರಲ್ಲ. ಅದನ್ನು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ, ತಲೆ ಬಗ್ಗಿಸಿ ಹೊಲಿಯುತ್ತಾರೆ. ಹತ್ತು ದಿನದಲ್ಲಿ 23 ಜನ ಬಿಟ್ಟು ಹೋದರು. ಈಗ ಉಳಿದಿರೋದು 420.

ಆ 23ರಲ್ಲಿ ಒಬ್ಬಳು ಕಾಲರ್ ಕೂರಿಸುತ್ತಿದ್ದವಳು. ಶರ್ಟಿನಲ್ಲಿ ಅದೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಎರಡು ತುದಿ ಒಂದು ನೂಲಿನಷ್ಟು ಹೆಚ್ಚುಕಮ್ಮಿ ಆದರೂ ಪೀಸ್ ಆಲ್ಟರ್‌ಗೆ, ಅಂದರೆ ಬಿಚ್ಚಿ ಮತ್ತೆ ಹೊಲಿಯೋಕೆ, ಬರುತ್ತೆ. ಅವಳ ಕೈಯಿಂದ ಬಂದ ಪೀಸನ್ನು ನಾನು ಚೆಕ್ಕಿಂಗ್‌ನಲ್ಲಿದ್ದಾಗ ತಿರುಗಿಸಿಯೂ ನೋಡುತ್ತಿರಲಿಲ್ಲ. 8 ವರ್ಷ ಒಂದೇ ಬೆಂಚಲ್ಲಿ ಕೂತು ಬುತ್ತಿ ಹಂಚಿಕೊಂಡಿದ್ದೇವೆ. ರಾಜೀನಾಮೆ ಕಾಗದ ಕೊಡೋಕೆ ಬಂದವಳನ್ನು ಯಾಕೆ ಅಂತ ಕೇಳಿದೆ. "ಬಸ್ಸಲ್ಲಿ ಅಂತಿದ್ರು, ದೀಪಾವಳಿಗೆ ಬೀಗ ಹಾಕ್ತಾರಂತೆ, ಬೋನಸ್ಸೂ ಇಲ್ಲಂತೆ. ನೀ ಏನೂ ಹೇಳ್ಲಿಲ್ಲ. ಹಂಗಾಗಿ ನಿಜಾನೇ ಇರ್ಬೇಕು ಅನ್ಕೊಂಡೆ" ಅಂದಳು. ಅವಳು ಹೋದ ಮೇಲೆ ಎಷ್ಟೋ ಹೊತ್ತು ನನಗೆ ಕೆಲಸ ಮಾಡೋಕೆ ಆಗಲಿಲ್ಲ.

ಶುಕ್ರವಾರ ತಡೆಯಲಾಗದೆ ಮೈಕ್ ತಗೊಂಡೆ. "ಗಾಳಿಮಾತು ನಂಬಬೇಡಿ, ಏನಾದರೂ ಇದ್ದರೆ ನನ್ನ ಕ್ಯಾಬಿನ್‌ಗೆ ಬನ್ನಿ" ಅಂದೆ. ಮಷೀನ್ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಿಸಲೇ ಇಲ್ಲ. ಕೇಳಿಸಿದವರು "ಮೇಡಂ ಮೈಕಲ್ಲಿ ಹೇಳ್ತಾರೆ ಅಂದ್ರೆ ಏನೋ ಐತಿ" ಅಂದುಕೊಂಡರು. ಶನಿವಾರ ಸಂಜೆವರೆಗೂ ಕ್ಯಾಬಿನ್‌ಗೆ ಒಬ್ಬರೂ ಬರಲಿಲ್ಲ. ಜೂನ್‌ವರೆಗೆ ಇವರೇ ನನ್ನನ್ನು ಅಕ್ಕಾ ಅನ್ನುತ್ತಿದ್ದರು.

ನನಗೆ ಕೇಳಬೇಕಾಗಿರೋದು ಇಷ್ಟು. ಯಜಮಾನರ ಮಾತು ಮೀರದೆ ಇವರಿಗೆ ಹೇಳೋದು ಹೇಗೆ? ನವೆಂಬರ್ ಏನಾಗುತ್ತೋ ನನಗೇ ಗೊತ್ತಿಲ್ಲದಿರುವಾಗ ಏನಂತ ಹೇಳಲಿ? ದೊಡ್ಡ ಹುದ್ದೆಯಲ್ಲಿರುವವರು, ಅಂಥವರ ಕೈಕೆಳಗೆ ದುಡಿದವರು, ಇಬ್ಬರೂ ಹೇಳಿ.


ಮಿಲ್ ಮನೆ ಮಗ, ದಾವಣಗೆರೆ
14 ಸೆಪ್ಟೆಂಬರ್

ಮೇಡಂ, ಓದಿ ಮನಸ್ಸಿಗೆ ಕಷ್ಟ ಆಯಿತು. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಮ್ಯಾನೇಜರ್, ನಾಲ್ಕು ಬ್ರಾಂಚ್, 38 ಸಿಬ್ಬಂದಿ. ಆದರೆ ನಿಮಗೆ ಉತ್ತರ ಕೊಡೋದು ನಮ್ಮ ಅಪ್ಪನ ಮಗನಾಗಿ.

ಅಪ್ಪ ಇಲ್ಲಿನ ಹತ್ತಿ ಮಿಲ್ ಒಂದರಲ್ಲಿ ಸ್ಪಿನ್ನಿಂಗ್‌ನಲ್ಲಿದ್ದರು. ಮಿಲ್ ಹೆಸರು ಬೇಡ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಸೈರನ್ ಕೇಳಿ ನಮ್ಮ ಓಣಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಅಪ್ಪ ಸೆಕೆಂಡ್ ಶಿಫ್ಟಿಗೆ ಬುತ್ತಿ ಕಟ್ಟಿಸಿಕೊಂಡು ಸೈಕಲ್ ಹತ್ತಿದವರು ಅರ್ಧ ಗಂಟೆಗೆ ವಾಪಸ್ ಬಂದರು. ಗೇಟಿಗೆ ಬೀಗ, ಪಕ್ಕದಲ್ಲಿ ಟೈಪ್ ಮಾಡಿದ ಒಂದು ಹಾಳೆ. ಬುತ್ತಿ ಹಾಗೇ ವಾಪಸ್ ಬಂತು. ಅಮ್ಮ ಅದನ್ನು ಬಿಚ್ಚಲಿಲ್ಲ. ಕತ್ತಲಾಗುವವರೆಗೂ ಅಡುಗೆಮನೆ ಕಟ್ಟೆ ಮೇಲೆ ಇತ್ತು. ನಾನಾಗ ಆರನೇ ಕ್ಲಾಸು.

ಆಮೇಲೆ ಅಪ್ಪ ಹಮಾಲಿ ಮಾಡಿದರು, ಮಂಡಕ್ಕಿ ಭಟ್ಟಿಯಲ್ಲಿ ದುಡಿದರು, ನಮ್ಮನ್ನು ಓದಿಸಿದರು. ಮಿಲ್ ಮುಚ್ಚಿದ್ದಕ್ಕೆ ಅವರಿಗೆ ಅಷ್ಟು ಸಿಟ್ಟಿರಲಿಲ್ಲ. ಲಾಸ್ ಆದರೆ ಯಾರು ನಡೆಸುತ್ತಾರೆ ಅನ್ನುತ್ತಿದ್ದರು. ಅವರಿಗೆ ಕೊನೆಯವರೆಗೂ ಮರೆಯಲಾಗದ್ದು ಬೇರೆ. ಅವರ ಮೇಲಿನ ಸಾಹೇಬರು ಒಂದು ತಿಂಗಳು ಮೊದಲೇ ತಮ್ಮ ಮಗನ ಟಿ.ಸಿ. ತೆಗೆಸಿ ಬೇರೆ ಊರಿನ ಸ್ಕೂಲಿಗೆ ಸೇರಿಸಿದ್ದರಂತೆ. "ಅವರಿಗೆ ಗೊತ್ತಿತ್ತು. ದಿನಾ ನನ್ನ ಜೊತೆ ಟೀ ಕುಡಿದ್ರು" ಅನ್ನುತ್ತಿದ್ದರು.

ಹಾಗಾಗಿ ನಿಮ್ಮ ಯಜಮಾನರ ಹತ್ತಿರ ಇನ್ನೊಮ್ಮೆ ಕೂತು ಮಾತಾಡಿ. ಸುಮ್ಮನಿರೋದರಿಂದ ಜನ ಉಳಿಯುತ್ತಾರೆ ಅಂತ ಅವರು ಅಂದುಕೊಂಡಿದ್ದಾರೆ ಅಲ್ವಾ? 23 ಜನ ಹೋಗಿದ್ದು ಸುಮ್ಮನಿದ್ದಾಗಲೇ. ಆ ಲೆಕ್ಕ ಅವರ ಮುಂದೆ ಇಡಿ. ಒಬ್ಬ ಹೊಸ ಟೈಲರ್ ಕೈ ಕುದುರೋಕೆ ಎಷ್ಟು ತಿಂಗಳು, ಎಷ್ಟು ಪೀಸ್ ಹಾಳು, ಅದು ನನಗಿಂತ ನಿಮಗೆ ಗೊತ್ತು.

ಇನ್ನೊಂದು ಮಾತು. ಸೂಪರ್‌ವೈಸರ್‌ಗಳಿಗೆ ಒಂದು ದಿನ ಮೊದಲು ಹೇಳಿ. ಬಸ್ಸಲ್ಲಿ ಎಲ್ಲರೂ ಕೇಳೋದು ಅವರನ್ನೇ. "ನನಗೂ ಗೊತ್ತಿಲ್ಲ ಕಣ್ರೇ" ಅಂತ ಅವರು ಅಂದುಬಿಟ್ಟರೆ ಆಮೇಲೆ ನೀವು ಏನು ಹೇಳಿದರೂ ನಿಲ್ಲಲ್ಲ.


ಹಳೇ ಲೇಬರ್ ವಕೀಲ, ಚಿತ್ರದುರ್ಗ
15 ಸೆಪ್ಟೆಂಬರ್

ತಂಗಿ, 31 ವರ್ಷ ಕಾರ್ಮಿಕ ಕಾಯ್ದೆಯ ಕೇಸು ನಡೆಸಿದ್ದೇನೆ, ಎರಡೂ ಕಡೆಯವರ ಪರವಾಗಿ. ಏನೂ ಗೊತ್ತಿಲ್ಲ ಅಂತ ಬರೆದಿದ್ದೀರಿ. ಗೊತ್ತಿರೋದು ಬಹಳ ಇದೆ. ಅದರಿಂದಲೇ ಶುರು ಮಾಡಿ.

ಮೊದಲು ಬೋನಸ್. ಈಗ ಕೊಡಬೇಕಾಗಿರುವ ಬೋನಸ್ ಮಾರ್ಚ್‌ಗೆ ಮುಗಿದ ವರ್ಷದ್ದು. ಅವರು ಅದನ್ನು ಆಗಲೇ ದುಡಿದು ಮುಗಿಸಿದ್ದಾರೆ. ಅಕ್ಟೋಬರ್ ಆರ್ಡರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. 1965ರ ಬೋನಸ್ ಕಾಯ್ದೆ ಪ್ರಕಾರ ಕಡೇಪಕ್ಷ ಶೇಕಡ 8.33 ಕೊಡಲೇಬೇಕು. ವರ್ಷದ ಲೆಕ್ಕ ಮುಗಿದ 8 ತಿಂಗಳೊಳಗೆ, ಅಂದರೆ ನವೆಂಬರ್ 30ರೊಳಗೆ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇದ್ದು, ಆ ವರ್ಷದಲ್ಲಿ 30 ದಿನ ದುಡಿದಿದ್ದರೆ ಸಾಕು. ಬಿಟ್ಟು ಹೋದ 23 ಜನಕ್ಕೂ ಇದು ಬರಬೇಕು. ನಿಮ್ಮ ಕಾಲರ್ ಕೂರಿಸುವ ಹೆಣ್ಣುಮಗಳಿಗೂ. ಬೋನಸ್ ಇಲ್ಲವಂತೆ ಅಂತಲೇ ಬಿಟ್ಟಳಲ್ಲ, ಅವಳಿಗೆ ಫೋನ್ ಮಾಡಿ ಹೇಳಿ.

ಎರಡನೇದು. ನಿಮ್ಮಷ್ಟು ದೊಡ್ಡ ಫ್ಯಾಕ್ಟರಿಯಲ್ಲಿ ರಾತ್ರೋರಾತ್ರಿ ಜನರನ್ನು ತೆಗೆಯೋಕೆ ಬರಲ್ಲ. ತಾತ್ಕಾಲಿಕವಾಗಿ ಲೇ-ಆಫ್ ಮಾಡೋಕೂ ಸರ್ಕಾರದ ಅನುಮತಿ ಮೊದಲೇ ಬೇಕು. ಲೇ-ಆಫ್ ಆದ ದಿನಗಳಿಗೆ, ಒಂದು ವರ್ಷ ಸರ್ವಿಸ್ ಆದವರಿಗೆ, ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಕೊಡಬೇಕು. ಐದು ವರ್ಷ ಮೀರಿದವರಿಗೆ ಗ್ರಾಚ್ಯುಟಿ ಇದೆ, ಪಿಎಫ್ ಅವರದೇ ದುಡ್ಡು. ನಾಳೆ ಬೀಗ ಬಿದ್ದರೆ ಬರಿಗೈ ಅಂತ ಎಷ್ಟೋ ಹೆಣ್ಣುಮಕ್ಕಳು ತಿಳಿದುಕೊಂಡಿರುತ್ತಾರೆ. ಹಾಗಲ್ಲ ಅಂತ ಮೇಲಿನವರೇ ಬಾಯಿಬಿಟ್ಟು ಹೇಳಿದರೆ ಅರ್ಧ ಭಯ ಅಲ್ಲೇ ಇಳಿಯುತ್ತೆ. ಕೋರ್ಟಿಗೆ ಬಂದ ಎಷ್ಟೋ ಜಗಳ, ಮ್ಯಾನೇಜ್‌ಮೆಂಟಿನವರು ಕೂತು ಒಂದು ಗಂಟೆ ಮಾತಾಡಿದ್ದರೆ ನನ್ನ ಟೇಬಲ್‌ಗೆ ಬರುತ್ತಲೇ ಇರಲಿಲ್ಲ.

ನಿಮ್ಮಲ್ಲಿ ವರ್ಕ್ಸ್ ಕಮಿಟಿ, ಅಂದರೆ ಕಾರ್ಮಿಕರೂ ಆಡಳಿತದವರೂ ಒಟ್ಟಿಗೆ ಕೂತು ಮಾತಾಡುವ ಸಮಿತಿ, ಇದೆಯಾ? 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಅದು ಇದೆ. 100 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆಗೆ. ಅದರಲ್ಲಿ ಕಾರ್ಮಿಕರ ಕಡೆಯವರು ಆಡಳಿತದ ಕಡೆಯವರಿಗಿಂತ ಕಡಿಮೆ ಇರಬಾರದು. ಬಹಳ ಕಡೆ ಅದು ರಿಜಿಸ್ಟರ್‌ನಲ್ಲಿ ಮಾತ್ರ ಇರುತ್ತೆ. ನಿಮ್ಮದನ್ನು ತೆಗೆದು ನೋಡಿ.


ಸಿಂಗಲ್ ನೀಡಲ್, ಹರಿಹರ
15 ಸೆಪ್ಟೆಂಬರ್

ಅಕ್ಕಾ ನಾನು ಟೈಲರ್. ಬೇರೆ ಫ್ಯಾಕ್ಟರಿ. 11 ವರ್ಷ ಆಯ್ತು. ಮಗಳು ಟೈಪ್ ಮಾಡಿಕೊಡ್ತಿದ್ದಾಳೆ.

ಕ್ಯಾಬಿನ್‌ಗೆ ಬನ್ನಿ ಅಂದ್ರೆ ನಾವು ಬರಲ್ಲ. ಕ್ಯಾಬಿನ್‌ಗೆ ಕರೆಯೋದು ಬೈಯೋಕೆ ಇಲ್ಲಾ ಬಿಡಿಸೋಕೆ. ಒಬ್ಬಳು ಒಳಗೆ ಹೋಗಿ ಬಂದ್ರೆ ಉಳಿದವರೆಲ್ಲಾ ಏನಂದ್ರು ಏನಂದ್ರು ಅಂತ ತಿಂತಾರೆ, ಇಲ್ಲಾ ಚಾಡಿ ಹೇಳೋಕೆ ಹೋಗಿದ್ಲು ಅಂತಾರೆ. ನೀವು ಹೊರಗೆ ಬನ್ನಿ. ಊಟದ ಹೊತ್ತಲ್ಲಿ ಬನ್ನಿ.

ನಮಗೆ ಬೇಕಾಗಿರೋದು ದಿನಾಂಕ. ಸಂಘದ ಕಂತು ವಾರ ವಾರ ಕಟ್ಟಬೇಕು. ಚೀಟಿ ಎತ್ತಬೇಕೋ ಬಿಡಬೇಕೋ, ದಸರಾಕ್ಕೆ ಮಕ್ಕಳಿಗೆ ಬಟ್ಟೆ ತರಬೇಕೋ ಬೇಡವೋ, ಇದೆಲ್ಲಾ ಮೊದಲೇ ಗೊತ್ತಾದ್ರೆ ನಾವೇ ಹೊಂದಿಸಿಕೊಳ್ತೀವಿ. ಕಷ್ಟ ನಮಗೆ ಹೊಸದಲ್ಲ. ಹಿಂದಿನ ದಿನ ಸಂಜೆ ಹೇಳಿದ್ರೆ ಮಾತ್ರ ಏನೂ ಮಾಡೋಕಾಗಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಒಂದ್ಸಲ ಹಂಗೇ ಆಗಿತ್ತು, ನಾನು ಕಿವಿಯೋಲೆ ಅಡ ಇಟ್ಟಿದ್ದು ಆವಾಗ. ಇನ್ನೂ ಬಿಡಿಸಿಲ್ಲ.


ಹೊಲಿಗೆಮನೆ
15 ಸೆಪ್ಟೆಂಬರ್

ಅಕ್ಕಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಕ್ಯಾಬಿನ್ ವಿಷಯ ನನಗೆ ಹೊಳೆಯಬೇಕಿತ್ತು. ನಾನು ಫ್ಲೋರ್‌ನಲ್ಲಿದ್ದ 16 ವರ್ಷದಲ್ಲಿ ಎಷ್ಟು ಸಲ ಆ ಬಾಗಿಲು ದಾಟಿದ್ದೆ ಅಂತ ಲೆಕ್ಕ ಹಾಕಿದೆ. ಕೈಬೆರಳು ಮುಗಿಯಲ್ಲ.

ವಕೀಲ ಸರ್, ಬೋನಸ್ ವಿಷಯ ಅಕೌಂಟೆಂಟರ ಹತ್ತಿರ ಕೇಳಿದೆ. ದುಡ್ಡು ತೆಗೆದಿಟ್ಟಿದ್ದಾರಂತೆ! ಇಷ್ಟು ದಿನ ಅದೊಂದು ಮಾತಾದರೂ ನಾವು ಹೇಳಬಹುದಿತ್ತು.


ಊರು ಬಿಟ್ಟವ, ಬೆಂಗಳೂರು
16 ಸೆಪ್ಟೆಂಬರ್

ನಮ್ಮೂರು ಜಗಳೂರು, ಕೆಲಸ ಸಾಫ್ಟ್‌ವೇರ್. 2020ರ ಮೇ 5ರಂದು, ಪ್ರವಾಸಿಗರಿಗೆ ಉಳಿಯೋಕೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ತಮ್ಮ ಜನಕ್ಕೆ ಒಂದು ಪತ್ರ ಬರೆದರು. ಕೊರೊನಾದಿಂದ ಪ್ರವಾಸವೇ ನಿಂತು ಹೋಗಿತ್ತು. 7,500 ಜನರಲ್ಲಿ ಸುಮಾರು 1,900 ಜನರನ್ನು ಬಿಡಬೇಕಾಗಿದೆ ಅಂತ ನೇರವಾಗಿ ಬರೆದಿದ್ದರು. ಯಾಕೆ, ಹೇಗೆ ನಿರ್ಧಾರ ಮಾಡಿದೆವು, ಹೋಗುವವರಿಗೆ ಎಷ್ಟು ವಾರದ ಸಂಬಳ, ಇನ್ಶೂರೆನ್ಸ್ ಎಲ್ಲಿಯವರೆಗೆ, ಎಲ್ಲಾ ಇತ್ತು. ಕಂಪನಿ ಲ್ಯಾಪ್‌ಟಾಪ್ ನೀವೇ ಇಟ್ಟುಕೊಳ್ಳಿ, ಬೇರೆ ಕೆಲಸ ಹುಡುಕೋಕೆ ಬೇಕಾಗುತ್ತೆ ಅಂತಲೂ ಇತ್ತು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಬೆಟರ್ ಡಾಟ್ ಕಾಮ್ ಅನ್ನೋ ಇನ್ನೊಂದು ಕಂಪನಿಯ ಮುಖ್ಯಸ್ಥರು ಝೂಮ್ ಕಾಲ್‌ನಲ್ಲೇ ಸುಮಾರು 900 ಜನರನ್ನು ತೆಗೆದರು. ಎರಡೂ ಕಡೆ ಜನ ಕೆಲಸ ಕಳೆದುಕೊಂಡರು. ಮೊದಲನೆಯವರ ಬಗ್ಗೆ ಇವತ್ತಿಗೂ ಗೌರವದಿಂದ ಮಾತಾಡುವವರಿದ್ದಾರೆ. ನೀವೂ ಒಂದು ಪತ್ರ ಬರೆದು ಎಲ್ಲರಿಗೂ ಕೊಡಬಹುದಲ್ವಾ?


ಹೊಲಿಗೆಮನೆ
16 ಸೆಪ್ಟೆಂಬರ್

ಒಳ್ಳೆಯ ಉದಾಹರಣೆ ಸರ್. ಆದರೆ ನಮ್ಮ ಫ್ಲೋರ್‌ಗೆ ಪತ್ರ ಆಗಿಬರಲ್ಲ. ಓದಲು ಬಾರದವರು ಇದ್ದಾರೆ, ಉರ್ದು ಮಾತ್ರ ಓದುವವರು ಇದ್ದಾರೆ. ಅದಲ್ಲದೆ ಇಲ್ಲಿ ಕಾಗದ ಅಂದರೆ ನೋಟೀಸ್, ಕೈಗೆ ಕೊಟ್ಟ ತಕ್ಷಣ ಮುಖ ಬಿಳಿಚಿಕೊಳ್ಳುತ್ತೆ. ಬಾಯಲ್ಲೇ ಹೇಳಬೇಕು, ಮುಖ ನೋಡಿ ಹೇಳಬೇಕು. ಆದರೆ ಆ ಪತ್ರದ ಕ್ರಮ ಇಟ್ಟುಕೊಳ್ಳುತ್ತೇನೆ: ಯಾಕೆ, ಹೇಗೆ, ನಿಮಗೇನು ಸಿಗುತ್ತೆ.


ಬಿಳಿ ಸೀರೆ, ಚಿತ್ರದುರ್ಗ
16 ಸೆಪ್ಟೆಂಬರ್

ನಾನು ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿ ಆದವಳು. ಫ್ಯಾಕ್ಟರಿ ನನಗೆ ಗೊತ್ತಿಲ್ಲ, ಆದರೆ ಹೆದರಿದ ಜನರ ಮುಂದೆ ನಿಲ್ಲೋದು ಹೇಗೆ ಅಂತ ಒಬ್ಬರಿಂದ ಕಲಿತಿದ್ದೇನೆ.

2021ರ ಮೇ ತಿಂಗಳು, ಕೊರೊನಾದ ಎರಡನೇ ಅಲೆ. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರ್ ಒಬ್ಬರು ಇದ್ದರು. ಜಾಸ್ತಿ ಮಾತಿನವರಲ್ಲ. ದಿನಾ ರಾತ್ರಿ ಶಿಫ್ಟ್ ಬದಲಾಗುವ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇವತ್ತು ಏನು ಕಮ್ಮಿ ಬಿತ್ತು?" ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್, ಮೆಡಿಕಲ್ ರೆಪ್‌ಗಳು ಕೊಡುತ್ತಾರಲ್ಲ ಅಂಥದ್ದು. ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಮಾರನೇ ರಾತ್ರಿ ಅದೇ ಪುಟ ತೆಗೆದು ಓದುತ್ತಿದ್ದರು. ಗ್ಲೌಸ್ ಬಂತು. ರಾತ್ರಿ ಡ್ಯೂಟಿಯವರಿಗೆ ಬಿಸಿನೀರಿನ ಕೆಟಲ್ ಬಂತು. ಇನ್ನಿಬ್ಬರು ಸ್ಟಾಫ್ ಕೇಳಿದ್ದಿರಿ, ಆಗಲಿಲ್ಲ, ನಾಳೆ ಮತ್ತೆ ಕೇಳುತ್ತೇನೆ. "ಆಗಲಿಲ್ಲ" ಅಂತ ನಮ್ಮ ಮುಖ ನೋಡಿ ಹೇಳುತ್ತಿದ್ದರು ನೋಡಿ, ಅದಕ್ಕೇ ನಾವು ಅವರನ್ನು ನಂಬಿದ್ದು. ಅವರು ಬರದೇ ಇದ್ದ ರಾತ್ರಿ ನನಗೆ ಒಂದೂ ನೆನಪಿಲ್ಲ.

ನೀವೂ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಹೇಳೋಕೆ ಹೊಸದೇನೂ ಇಲ್ಲದ ದಿನವೂ ಹೋಗಿ ನಿಲ್ಲಿ.

ಮತ್ತೆ, ಈ ಥರ ಹೊತ್ತಲ್ಲಿ ಕೆಲವರು ಒಳಗೊಳಗೇ ಕುಸಿಯುತ್ತಾರೆ. ನಿದ್ದೆ ಇಲ್ಲ, ಊಟ ಬೇಡ, ಸುಮ್ಮನೆ ಅಳು. ಅಂಥವರಿಗೆ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಕೊಡಿ, 14416. ಕೇಂದ್ರ ಸರ್ಕಾರದ್ದು, ದುಡ್ಡಿಲ್ಲ, ಹಗಲೂ ರಾತ್ರಿ ಸಿಗುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ಬಾತ್‌ರೂಮಿನ ಬಾಗಿಲ ಒಳಗಡೆ ಅಂಟಿಸಿ. ನೋಟೀಸ್ ಬೋರ್ಡ್ ಮೇಲಿದ್ದರೆ ನಾಲ್ಕು ಜನರ ಎದುರು ನಿಂತು ಯಾರೂ ಬರೆದುಕೊಳ್ಳಲ್ಲ. ನಮ್ಮಲ್ಲಿ ಹಾಗೇ ಮಾಡಿದ್ದೆವು.

ನೀವೂ ಹುಷಾರಾಗಿರಿ ಮೇಡಂ. ನೀವು ಯಾರ ಹತ್ತಿರ ಹೇಳಿಕೊಳ್ಳುತ್ತೀರಿ ಅಂತ ಯಾರೂ ಕೇಳಿಲ್ಲ ಇಲ್ಲಿ, ಅದಕ್ಕೆ ನಾನು ಕೇಳುತ್ತಿದ್ದೇನೆ.


ಹೊಲಿಗೆಮನೆ
19 ಅಕ್ಟೋಬರ್ 2025

ಒಂದು ತಿಂಗಳ ಮೇಲಾಯಿತು. ನಾಳೆ ನರಕ ಚತುರ್ದಶಿ, ಫ್ಯಾಕ್ಟರಿಗೆ ರಜೆ. ಏನೇನಾಯಿತು ಅಂತ ನಿಮಗೆಲ್ಲಾ ಹೇಳಲೇಬೇಕು.

ಸೆಪ್ಟೆಂಬರ್ 17ಕ್ಕೆ ಯಜಮಾನರ ಹತ್ತಿರ ಕೂತೆ. ಪ್ರತಿ ಲೈನಿಗೂ ಕಾಲು ಗಂಟೆ ಮಷೀನ್ ನಿಲ್ಲಿಸಿ ಮಾತಾಡುತ್ತೇನೆ ಅಂದೆ. ಅವರು ಕ್ಯಾಲ್ಕುಲೇಟರ್ ಒತ್ತಿದರು. 420 ಜನ, 15 ನಿಮಿಷ, 105 ಗಂಟೆ ಕೆಲಸ ಹೋಯಿತು ಅಂದರು. ನಾನು 23 ಜನರ ಹಾಜರಿ ಪುಸ್ತಕದ ಪುಟಗಳನ್ನು ಮುಂದಿಟ್ಟೆ. ಅವರು ಹೋದ ಮೇಲೆ ಆಲ್ಟರ್‌ಗೆ ಬಂದ ಕಾಲರ್‌ಗಳ ಲೆಕ್ಕವನ್ನೂ ಇಟ್ಟೆ. ಬಹಳ ಹೊತ್ತು ನೋಡಿದರು. ಆಯುಧ ಪೂಜೆ ದಿನ ನಾನೇ ಬರುತ್ತೇನೆ, ಸಿಹಿ ಹಂಚಿ ಹೇಳೋಣ ಅಂದರು. ಅವತ್ತು ಬೇಡ ಅಂದೆ. ಹೊಸ ಸೀರೆ ಉಟ್ಟು, ಮಷೀನಿಗೆ ಕುಂಕುಮ ಹಚ್ಚೋಕೆ ಬಂದವರಿಗೆ ಅವತ್ತು ಇದನ್ನು ಹೇಳಬಾರದು. ಕೊನೆಗೆ ಒಪ್ಪಿದರು.

ಭಾನುವಾರ ಮಧ್ಯಾಹ್ನ 9 ಸೂಪರ್‌ವೈಸರ್‌ಗಳನ್ನು ನಮ್ಮ ಮನೆಗೆ ಕರೆದೆ. ಮಂಡಕ್ಕಿ, ಮಿರ್ಚಿ, ಟೀ. ಇದ್ದದ್ದನ್ನೆಲ್ಲಾ ಹೇಳಿದೆ. ಒಬ್ಬಳು ಅತ್ತುಬಿಟ್ಟಳು. ಕೆಲಸದ ಬಗ್ಗೆ ಅಲ್ಲ. ಎರಡು ವಾರದಿಂದ ಬಸ್ಸಲ್ಲಿ ಎಲ್ಲರೂ ಅವಳನ್ನು "ನಿನಗೆ ಗೊತ್ತಿದ್ದೂ ಮುಚ್ಚಿಡ್ತೀಯ" ಅಂತ ಬೈದಿದ್ದರಂತೆ.

22ರಿಂದ ದಿನಕ್ಕೆ ಮೂರು ಲೈನ್, ಕ್ಯಾಂಟೀನ್‌ನಲ್ಲಿ. ನಿಂತು ಮಾತಾಡಲಿಲ್ಲ, ಅವರ ಬೆಂಚಲ್ಲೇ ಕೂತೆ. 60 ಇದ್ದದ್ದು 38 ಆಗಿದೆ ಅಂದೆ. ಯಾಕೆ ಅಂತ ಹೇಳಿದೆ. ಬೋನಸ್ ಅಕ್ಟೋಬರ್ 16ಕ್ಕೆ ಅಕೌಂಟಿಗೆ ಬರುತ್ತೆ ಅಂದೆ. ಅಕ್ಟೋಬರ್ ಪೂರ್ತಿ ಎಲ್ಲರಿಗೂ ಕೆಲಸ ಇದೆ, ಓಟಿ ಮಾತ್ರ ಇರಲ್ಲ ಅಂದೆ. ನಾಲ್ಕನೇ ಲೈನಿನವರು ನನ್ನ ಕನ್ನಡ ಮುಗಿದ ಮೇಲೆ ಪಕ್ಕದವಳಿಗೆ ಉರ್ದುವಿನಲ್ಲಿ ಹೇಳಿಕೊಂಡರು, ಅದಕ್ಕಾಗಿ ಕಾದೆ.

ಅದೇ ಲೈನಿನ ಒಬ್ಬ ಹಿರಿಯಾಕೆ ಕೇಳಿದರು: "ನವೆಂಬರ್‌ನಲ್ಲಿ ಎಷ್ಟು ಜನ ಇರ್ತೀವಿ?" ನನಗೆ ಗಂಟಲು ಕಟ್ಟಿತು. ಗೊತ್ತಿಲ್ಲ ಅಂದೆ. ಯಜಮಾನರು ಅಕ್ಟೋಬರ್ 10ಕ್ಕೆ ಬೆಂಗಳೂರಿಂದ ವಾಪಸ್ ಬರ್ತಾರೆ, 11ನೇ ತಾರೀಖು ಊಟದ ಹೊತ್ತಿಗೆ ನಾನು ಇಲ್ಲೇ ಇರ್ತೀನಿ, ಗೊತ್ತಾಗಿದ್ರೆ ಹೇಳ್ತೀನಿ, ಆಗದಿದ್ರೆ ಆಗಿಲ್ಲ ಅಂತ ಹೇಳ್ತೀನಿ ಅಂದೆ. ಆಕೆ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಂಡರು, ಮರೆಯಬಾರದು ಅಂದಾಗ ನಮ್ಮ ಅಜ್ಜಿ ಹಾಕಿಕೊಳ್ಳುತ್ತಿದ್ದರಲ್ಲ, ಹಾಗೆ.

11ಕ್ಕೆ ಹೇಳೋಕೆ ಏನೂ ಇರಲಿಲ್ಲ. ಬೆಂಗಳೂರಿನವರು ಇನ್ನೂ ಎರಡು ವಾರ ಕೇಳಿದ್ದರು. ಬರಿಗೈಯಲ್ಲಿ ಹೋಗೋಕೆ ನಾಚಿಕೆಯಾಯಿತು, ಬೇಡ ಅಂತಲೂ ಅನಿಸಿತು. ಆಸ್ಪತ್ರೆಯ ಮೇಡಂ ಬರೆದದ್ದು ನೆನಪಾಗಿ ಹೋದೆ. ಏನೂ ಗೊತ್ತಾಗಿಲ್ಲ, ಮುಂದಿನ ತಾರೀಖು 25 ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆ ಹಿರಿಯಾಕೆ ಸ್ವಲ್ಪ ಸರಿದು ಜಾಗ ಬಿಟ್ಟರು. "ಕುತ್ಕಾ ಅಕ್ಕಾ, ಊಟ ಮಾಡು" ಅಂದರು. ಮೇಡಂ ಅನ್ನಲಿಲ್ಲ.

ನೋಟ್‌ಬುಕ್ ನಾನೂ ಇಟ್ಟಿದ್ದೇನೆ. ಅದರಲ್ಲಿ ಮೊದಲು ಬಂದದ್ದು ಆರ್ಡರ್ ವಿಷಯ ಅಲ್ಲವೇ ಅಲ್ಲ. ಆನಗೋಡು ಬಸ್ಸು ಸಂಜೆ ಹೈವೇ ಸರ್ವಿಸ್ ರೋಡಲ್ಲೇ ಇಳಿಸಿ ಹೋಗುತ್ತೆ, ಕತ್ತಲಲ್ಲಿ ಊರೊಳಗೆ ನಡೆಯೋಕೆ ಭಯ ಆಗುತ್ತೆ ಅಂತ. ಎಷ್ಟು ವರ್ಷದಿಂದ ಹೀಗಿತ್ತೋ! ಡ್ರೈವರ್ ಹತ್ತಿರ ಮಾತಾಡಿದೆ, ಈಗ ಊರ ಬಾಗಿಲವರೆಗೆ ಬಿಡುತ್ತಾನೆ. ಕೂಸುಮನೆಗೆ ಇನ್ನೊಬ್ಬ ಆಯಾ ಕೇಳಿದ್ದಾರೆ, ಅದು ಆಗಿಲ್ಲ. 14416 ಬಾಗಿಲ ಒಳಗಡೆ ಅಂಟಿಸಿದ್ದೇವೆ.

ಬಿಟ್ಟು ಹೋದ 23 ಜನಕ್ಕೂ ಫೋನ್ ಮಾಡಿಸಿದೆ, ಬೋನಸ್ ಹಾಕಿದ್ದೇವೆ. ಕಾಲರ್‌ನವಳಿಗೆ ನಾನೇ ಮಾಡಿದೆ. ವಾಪಸ್ ಬರಲ್ಲ, ಈಗಿರುವ ಕಡೆ ಹೊಂದಿಕೊಂಡಿದ್ದಾಳೆ. "ಅವತ್ತೇ ಹೇಳಿದ್ದಿದ್ರೆ..." ಅಂದು ಸುಮ್ಮನಾದಳು. ತಪ್ಪಾಯಿತು ಅಂದೆ. ಹಬ್ಬಕ್ಕೆ ಬಾ ಅಂದಳು. ಬುಧವಾರ ಪಾಡ್ಯದ ದಿನ ಹೋಗುತ್ತಿದ್ದೇನೆ.

ಸೆಪ್ಟೆಂಬರ್ 22ರಿಂದ ಇಲ್ಲಿಯವರೆಗೆ ಇಬ್ಬರು ಬಿಟ್ಟಿದ್ದಾರೆ, ಒಬ್ಬಳಿಗೆ ಮದುವೆ. 38 ಸಾವಿರದಲ್ಲಿ 27 ಸಾವಿರ ಪೀಸ್ ಹೋಗಿದೆ.

ವಕೀಲ ಸರ್, ಒಂದು ಕೇಳಬೇಕು. ನವೆಂಬರ್‌ನಲ್ಲಿ ಕೆಲಸ ಕಡಿಮೆಯಾದರೆ ಯಾರನ್ನೂ ಬಿಡದೆ ಲೈನ್ ಪ್ರಕಾರ ಸರದಿಯಲ್ಲಿ ವಾರಕ್ಕೆ ಒಂದು ದಿನ ಹೆಚ್ಚು ರಜೆ ತಗೊಳ್ಳೋಣ ಅಂತ ಅವರೇ ಹೇಳುತ್ತಿದ್ದಾರೆ. ವರ್ಕ್ಸ್ ಕಮಿಟಿಯಲ್ಲಿ ಮಾತಾಯಿತು. ಬಾಯಿ ಮಾತಲ್ಲೇ ಮಾಡಿದರೆ ಸಾಕಾ?


ಹಳೇ ಲೇಬರ್ ವಕೀಲ, ಚಿತ್ರದುರ್ಗ
19 ಅಕ್ಟೋಬರ್

ಸಾಲದು ತಂಗಿ. ಸಂಬಳ, ಕೆಲಸದ ವೇಳೆ, ರಜೆ, ಇವುಗಳಲ್ಲಿ ಏನೇ ಬದಲಾವಣೆ ಮಾಡೋದಿದ್ದರೂ ಅದೇ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಂ ಪ್ರಕಾರ 21 ದಿನ ಮೊದಲು ನೋಟೀಸ್ ಕೊಡಬೇಕು. ನವೆಂಬರ್ ಮಧ್ಯದಿಂದ ಅಂದರೆ ಹಬ್ಬ ಮುಗಿದ ತಕ್ಷಣ ಕೊಡಬೇಕಾಗುತ್ತೆ. ಆ ದಿನಗಳ ಸಂಬಳ ಏನು ಅನ್ನೋದನ್ನೂ ಅದರಲ್ಲೇ ಬರೆಯಿರಿ. 20 ದಿನದ ದುಡಿಮೆಗೆ ಒಂದು ದಿನದ ಹಾಗೆ ಅವರಿಗೆ ಸಂಬಳದ ರಜೆ ಜಮಾ ಆಗಿರುತ್ತೆ, ಇಷ್ಟ ಇರುವವರು ಅದನ್ನು ಬಳಸಬಹುದು. ಬಲವಂತ ಬೇಡ.

ಕಾಗದ ಕನ್ನಡದಲ್ಲಿ, ಜೊತೆಗೆ ಉರ್ದುವಿನಲ್ಲಿ ಇರಲಿ. ಆದರೆ 25ಕ್ಕೆ ಬೆಂಚಲ್ಲಿ ಕೂತು ಅದನ್ನು ಓದಿ ಹೇಳಿ, ಆಮೇಲೆ ಕೈಗೆ ಕೊಡಿ. ಮೊದಲೇ ಕೊಟ್ಟರೆ ನೀವೇ ಬರೆದ ಹಾಗೆ ಮುಖ ಬಿಳಿಚಿಕೊಳ್ಳುತ್ತೆ. ಡ್ರಾಫ್ಟ್ ಇಲ್ಲಿ ಹಾಕಿ, ಬುಧವಾರ ಬಿಟ್ಟು ಯಾವಾಗ ಬೇಕಾದರೂ ನೋಡಿಕೊಡುತ್ತೇನೆ.